ಇಲ್ಲದ್ದನ್ನು ಹುಡುಕಿ ಬಂದ ಮೇಡಂ

ಅಕ್ಷತಾ, ಶರಣು,

ನೀವು ಬೀದರಿನಿಂದ ಕಲಬುರಗಿಗೆ ನಮ್ಮಲ್ಲಿಗೆ ಬರುವಾಗ ಬಸ್ಸು ಕಮಲಾಪುರದಲ್ಲಿ ನಿಂತರೆ ನಿಮ್ಮಪ್ಪ ಕಿಟಕಿಯಿಂದಲೇ ಕೆಂಪು ಬಾಳೆಹಣ್ಣು ಕೊಳ್ಳುತ್ತಾನೆ. ಅದು ಈ ಅಜ್ಜಿಯ ತವರೂರು ಎನ್ನುವುದು ನಿಮಗೆ ಗೊತ್ತು. ಇಲ್ಲಿ ನಮ್ಮ ಪಕ್ಕದ ಮನೆಯ ಮೇಡಂ ಕೂಡ ನಿಮಗೆ ನೆನಪಿರಬೇಕು. ಶರಣು, ಒಮ್ಮೆ ನಿನ್ನ ಚೆಂಡು ಅವರ ಅಂಗಳಕ್ಕೆ ಹಾರಿತ್ತು. ನೀನು ಗೋಡೆಯ ಮೇಲಿಂದ ಇಣುಕಿ, “ಅಜ್ಜಿ, ನಮ್ಮ ಚೆಂಡು ಅದ ಏನ್ರಿ?” ಎಂದು ಕೂಗಿದೆ. ಅವರು ಕನ್ನಡಕ ಹಾಕಿಕೊಂಡು ಹೊರಗೆ ಬಂದರು. ದಾಸವಾಳದ ಬುಡ ನೋಡಿದರು, ನೀರಿನ ಟಾಕಿಯ ಹಿಂದೆ ನೋಡಿದರು, ಮೆಟ್ಟಿಲ ಕೆಳಗೆ ಬಗ್ಗಿ ನೋಡಿದರು. ಆಮೇಲೆ, “ಈ ಮೂರು ಕಡೆ ನೋಡಿದೆ ಪುಟ್ಟಾ, ಕಾಣಲಿಲ್ಲ” ಎಂದರು. ನೀನು ಒಳಗೆ ಓಡಿ ಬಂದು, “ಆ ಅಜ್ಜಿ ಚೆಂಡು ಮುಚ್ಚಿ ಇಟ್ಟುಕೊಂಡಾಳ” ಎಂದು ದೂರು ಹೇಳಿದೆ. ಅವರು ಸುಮ್ಮನೆ ಇಲ್ಲ ಎಂದಿದ್ದರೆ ನೀನು ನಂಬುತ್ತಿದ್ದೆ.

ಅವರು ಹೋದ ಚಳಿಗಾಲದಲ್ಲಿ ತೀರಿಕೊಂಡರು. ನಿಮ್ಮ ಪರೀಕ್ಷೆಗಳು ನಡೆದಿದ್ದವು, ಅದಕ್ಕೆ ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ. ನಾನು ಕಮಲಾಪುರದ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿದವಳು. ತವರಿಗೆ ನಾಲ್ಕು ಸಾಲಿನ ಕಾಗದ ಬರೆದದ್ದು ಬಿಟ್ಟರೆ ಇಷ್ಟು ಉದ್ದ ಏನೂ ಬರೆದಿಲ್ಲ. ಹಿಂದುಮುಂದಾದರೆ ನೀವೇ ಸರಿ ಮಾಡಿ ಓದಿಕೊಳ್ಳಿ. ಅವರ ಹೆಸರು ಬರೆಯುವುದಿಲ್ಲ. “ನನ್ನ ಹೆಸರು ಬ್ಯಾಡ ವೈನಿ, ಮಾಡಿದ ಕೆಲಸದ್ದು ಹೇಳಿದ್ರ ಸಾಕು” ಎಂದು ಅವರೇ ಹೇಳಿದ್ದರು. ನನ್ನನ್ನು ಅತ್ತಿಗೆಯೆಂದು ವೈನಿ ಎನ್ನುತ್ತಿದ್ದರು, ನಿಮ್ಮ ಅಜ್ಜನನ್ನು ಅಣ್ಣಾರು ಎನ್ನುತ್ತಿದ್ದರು. ನಾವಿಬ್ಬರೂ ಮೇಡಂ ಎನ್ನುತ್ತಿದ್ದೆವು.

ಅವರು ಜೇವರ್ಗಿ ಕಾಲೋನಿಗೆ ಬಂದದ್ದು ನೌಕರಿ ಮುಗಿದ ಮೇಲೆ. ದೂರದ ಊರಿನ ಒಂದು ಸರ್ಕಾರಿ ಪ್ರಯೋಗಶಾಲೆಯಲ್ಲಿ ಇಡೀ ಆಯುಷ್ಯ ಕೆಲಸ ಮಾಡಿದ್ದರು. ಹುಟ್ಟಿ ಬೆಳೆದದ್ದು ಇಲ್ಲೇ ಖೂಬಾ ಪ್ಲಾಟಿನಲ್ಲಿ. ಆದರೆ ಆ ಮನೆ ಎಂದೋ ಮಾರಿ ಹೋಗಿತ್ತು, ಅಣ್ಣತಮ್ಮಂದಿರು ಯಾರೂ ಉಳಿದಿರಲಿಲ್ಲ. ಮದುವೆ ಆಗಿರಲಿಲ್ಲ. ಟೆಂಪೋದಿಂದ ಇಳಿದದ್ದು ಎರಡು ಟ್ರಂಕು, ಹತ್ತು ಡಬ್ಬ ಪುಸ್ತಕ, ಗಾಜಿನ ಪೆಟ್ಟಿಗೆಯೊಳಗೆ ಕೂತ ಒಂದು ಸಣ್ಣ ತಕ್ಕಡಿ. ನಾನು ಚಹಾ ಒಯ್ದು ಕೊಟ್ಟೆ. ಅವರು ಕುಡಿಯುವ ಮೊದಲು ಮೂಗಿನ ಹತ್ತಿರ ಒಯ್ದು ಮೂಸಿದರು. ನನಗೆ ಬೇಸರವಾಯಿತು. ಆಮೇಲೆ ಗೊತ್ತಾಯಿತು, ಅವರು ತಮ್ಮ ಕೈಯಾರೆ ಮಾಡಿದ್ದನ್ನೂ ಮೂಸಿಯೇ ತಿನ್ನುವವರು.

ಅವರ ಅಡುಗೆಮನೆಯಲ್ಲಿ ಪ್ರತಿ ಡಬ್ಬಿಗೂ ಚೀಟಿ ಇತ್ತು. ಏನು, ಯಾವ ಅಂಗಡಿಯದು, ಯಾವತ್ತು ತಂದದ್ದು. ನಿಮ್ಮ ಅಜ್ಜ ಅದನ್ನು ನೋಡಿ, “ಮೇಡಂ, ನಿಮ್ಮ ಮೈಮ್ಯಾಲೂ ಒಂದು ಚೀಟಿ ಹಚ್ಚಿಕೊಂಡೀರೇನು?” ಎಂದು ಚಾಷ್ಟಿ ಮಾಡಿದರು.

“ಹಚ್ಚಿಕೋಬೇಕಂತೀನಿ ಅಣ್ಣಾರ. ಕೊನಿ ತಾರೀಖು ಯಾವುದು ಬರೀಲಿ, ಅದ ತಿಳೀವಲ್ದು.”

ತೊಗರಿಬೇಳೆ ತರಲು ನಾವಿಬ್ಬರೂ ನೆಹರು ಗಂಜ್‌ಗೆ ಹೋಗುತ್ತಿದ್ದೆವು. ನಾನು ಯಾವಾಗಲೂ ಅವರ ಬೆನ್ನ ಹಿಂದೆ ನಿಲ್ಲುವವಳು. ಅಂಗಡಿಯವರೊಡನೆ ಮಾತಾಡಲು ನನಗೆ ಈಗಲೂ ಬಾಯಿ ಬರುವುದಿಲ್ಲ. ಅವರು ಚೀಲದ ಮೇಲಿನ ಬೇಳೆ ನೋಡಿ ಬಿಡುವವರಲ್ಲ. ತೋಳು ಏರಿಸಿ ಮೇಲಿಂದ ಒಂದು ಹಿಡಿ, ನಡುವಿಂದ ಒಂದು ಹಿಡಿ, ತಳದಿಂದ ಒಂದು ಹಿಡಿ ತೆಗೆದು, ಮೂರನ್ನೂ ಬೇರೆ ಬೇರೆ ಕಾಗದದ ಮೇಲೆ ಹರವಿ ನೋಡುತ್ತಿದ್ದರು. ಅಂಗಡಿಯ ಸಾಹುಕಾರ ಒಮ್ಮೆ ಕೈಮುಗಿದ. “ಅಕ್ಕಾರ, ಬ್ಯಾಳಿ ತಗೋತೀರೋ, ಪಂಚನಾಮಾ ಮಾಡ್ತೀರೋ?”

“ಪಂಚನಾಮಾ ಆದ ಮ್ಯಾಲೆ ತಗೋತೀನಿ” ಎಂದರು ಮೇಡಂ. ಹಮಾಲರೆಲ್ಲ ನಕ್ಕರು.

ಅವರು ಏನು ಮಾಡಿ ಬಂದವರು ಎನ್ನುವುದು ನಮಗೆ ಒಂದು ವರ್ಷ ತಿಳಿದಿರಲಿಲ್ಲ. ಒಂದು ಮುಂಜಾನೆ ನಿಮ್ಮ ಅಜ್ಜ ಕಟ್ಟೆಯ ಮೇಲೆ ಕೂತು ಪೇಪರು ಓದುತ್ತ, “ಇರಾಕ್‌ದಾಗ ಆಯುಧ ಅದಾವಂತ ಜಗತ್ತೆಲ್ಲಾ ಹುಡುಕಿದ್ರಲ್ಲ, ಕಡೀಕೂ ಸಿಗಲೇ ಇಲ್ಲ ನೋಡ್ರಿ” ಎಂದರು. ಮೇಡಂ ತಮ್ಮ ಅಂಗಳದಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದರು. ತಲೆ ಎತ್ತದೆ, “ಹೌದ್ರಿ. ನಾನೂ ಹುಡುಕೀನಿ” ಎಂದರು. ನಿಮ್ಮ ಅಜ್ಜ ಅದನ್ನೂ ಚಾಷ್ಟಿ ಎಂದೇ ತಿಳಿದು ನಕ್ಕರು. ಅವರು ನಗಲಿಲ್ಲ.

ನಿಮಗೆ ಅರ್ಥವಾಗುವಂತೆ ಹೇಳಬೇಕೆಂದರೆ, ಅದು ಹೀಗೆ. ಆ ದೇಶದಲ್ಲಿ ಒಂದು ಕಾಲಕ್ಕೆ ವಿಷದ ಗಾಳಿಯ ಆಯುಧ, ರೋಗ ಹರಡುವ ಆಯುಧ ಇದ್ದವು. ಒಂದು ಸಿಡಿದರೆ ಒಂದು ಊರೇ ಸಾಯುವಂಥವು. ಆ ದೇಶ ಆಳುವವರು ಹಿಂದೆ ಅವನ್ನು ಜನರ ಮೇಲೆ ಹಾಕಿಯೂ ಇದ್ದರು. ಯುದ್ಧದಲ್ಲಿ ಸೋತ ಮೇಲೆ ಎಲ್ಲವನ್ನೂ ನಾಶ ಮಾಡಬೇಕು ಎಂದು ಜಗತ್ತು ಅವರಿಗೆ ಹೇಳಿತು. ಮಾಡಿದೆವು ಎಂದು ಅವರು ಹೇಳಿದರು. ಆದರೆ ಕೆಲವನ್ನು ಯಾರೂ ನೋಡದಂತೆ, ಕಾಗದ ಮಾಡದೆ ನಾಶ ಮಾಡಿದ್ದರು. ಮಾಡಿದ್ದು ಇಷ್ಟು, ನಾಶವಾದದ್ದು ಇಷ್ಟು, ಉಳಿದದ್ದು ಎಲ್ಲಿ ಎಂದು ಕೇಳಿದರೆ ತೋರಿಸಲು ಅವರ ಬಳಿ ಏನೂ ಇರಲಿಲ್ಲ. ಉಳಿದದ್ದನ್ನು ಹುಡುಕಲು ಬೇರೆ ಬೇರೆ ದೇಶಗಳ ಜನರನ್ನು ಆರಿಸಿ ಕಳಿಸಿದರು. ಅವರಲ್ಲಿ ನಮ್ಮ ಮೇಡಂ ಒಬ್ಬರು. ಮಣ್ಣು, ನೀರು, ಗೋಡೆಯ ಧೂಳು ತಂದು ಪರೀಕ್ಷೆ ಮಾಡುವುದು, ಸೀಲು ಹಾಕುವುದು, ಚೀಟಿ ಹಚ್ಚುವುದು ಅವರ ಕೆಲಸ.

“ಎಂಥಾ ಎಂಥಾ ಜಾಗಾ ನೋಡೀವಿ ಅಂತೀರಿ” ಎಂದು ಹೇಳಿದರು ಒಮ್ಮೆ. “ಕೋಳಿ ಸಾಕೋ ಶೆಡ್ಡು, ಹಾಲಿನ ಪುಡಿ ಫ್ಯಾಕ್ಟರಿ. ಒಂದು ಸಲ ಐಸ್‌ಕ್ರೀಮಿನ ಗಾಡಿ ನಿಂದರಿಸಿ ನೋಡೀವಿ.”

“ಏನಿತ್ರೀ ಅದರಾಗ?” ಎಂದು ನಾನು ಕೇಳಿದೆ.

“ಐಸ್‌ಕ್ರೀಮ್ ಸಿಕ್ತು.”

ನಕ್ಕೆವು. ಆದರೆ ಅವರು ಐಸ್‌ಕ್ರೀಮ್ ಇತ್ತು ಎನ್ನಲಿಲ್ಲ, ಸಿಕ್ಕಿತು ಎಂದರು. ಅವರ ಕೆಲಸದ ರೀತಿಯೇ ಹಾಗೆ. ಎಲ್ಲಿ ನೋಡಿದೆವು, ಎಷ್ಟು ಆಳ ತೋಡಿದೆವು, ಏನು ಸಿಕ್ಕಿತು, ಏನು ಸಿಗಲಿಲ್ಲ. ಅಷ್ಟನ್ನೇ ಬರೆಯಬೇಕು. ಒಂದು ವಸ್ತು ಇಲ್ಲವೇ ಇಲ್ಲ ಎಂದು ಬರೆಯುವಂತಿಲ್ಲ. ಏಕೆಂದರೆ ನೋಡದ ಜಾಗ ಯಾವಾಗಲೂ ಒಂದು ಉಳಿದೇ ಇರುತ್ತದೆ. ಈ ನಿಯಮ ಅವರ ಮೈಗೇ ಹತ್ತಿಬಿಟ್ಟಿತ್ತು. ಹೆಪ್ಪಿಗೆ ಮೊಸರು ಅದ ಏನ್ರಿ ಎಂದು ಕೇಳಿದರೆ “ಫ್ರಿಜ್ಜಿನಾಗ ನೋಡಿದೆ, ಸಿಗಲಿಲ್ಲ” ಎನ್ನುತ್ತಿದ್ದರು. ಕರೆಂಟ್ ಹೋಯಿತೇನ್ರಿ ಎಂದರೆ “ನಮ್ಮನ್ಯಾಗ ಹೋಗ್ಯದ, ಉಳಿದವರದು ನೋಡಿಲ್ಲ” ಎನ್ನುತ್ತಿದ್ದರು.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಅವರು ದಿನಾ ಸಂಜೆ ನಾಲ್ಕಕ್ಕೆ ಎರಡು ಸ್ಟೀಲಿನ ಲೋಟದಲ್ಲಿ ಚಹಾ ಹಿಡಿದು ಬರುತ್ತಿದ್ದರು. ಒಂದು ನನ್ನ ಮುಂದೆ ಇಟ್ಟು, ಒಂದು ತಾವು ಕುಡಿದು, ಮಾತಿಲ್ಲದೆ ಒಂದು ತಾಸು ಕೂತು ಹೋಗುತ್ತಿದ್ದರು. ಬಂದವರೆಲ್ಲ, ಅವರು ಎಲ್ಲೂ ಹೋಗಿಲ್ಲ, ನಿನ್ನ ಜೋಡಿನೇ ಅದಾರ ಎಂದು ಸಮಾಧಾನ ಹೇಳುತ್ತಿದ್ದರು. ಒಂದು ಸಂಜೆ ನಾನು ಮೇಡಂ ಅವರನ್ನು ಕೇಳಿದೆ, “ಖರೇ ಏನ್ರಿ? ಇಲ್ಲೇ ಅದಾರೇನ್ರಿ ಅವರು?” ಅವರು ನಿಮ್ಮ ಅಜ್ಜನ ಖಾಲಿ ಕುರ್ಚಿಯನ್ನು ನೋಡಿದರು. “ನನಗ ಗೊತ್ತಿಲ್ಲ ವೈನಿ” ಎಂದರು. ಅಷ್ಟು ಜನ ಆಡಿದ ಮಾತಿನಲ್ಲಿ ನನ್ನ ಬಳಿ ಉಳಿದದ್ದು ಆ ಒಂದೇ ಮಾತು.

ಈಗ ಕಮಲಾಪುರದ ಬಾವಿಯ ವಿಷಯಕ್ಕೆ ಬರುತ್ತೇನೆ. ಈ ಹಾಳೆಗಳನ್ನು ಬರೆಯಲು ಕೂತದ್ದೇ ಅದಕ್ಕಾಗಿ.

ನಮ್ಮ ಅಣ್ಣನ ಬಾಳೆಯ ತೋಟದಲ್ಲಿ ಒಂದು ಕಲ್ಲಿನ ಬಾವಿ ಇದೆ. ಬಾವಿಯ ಆಚೆ ದಡದಲ್ಲಿ ಬೂಬಮ್ಮನ ಮನೆ. ಅವಳ ಮಾವ ನಿಜಾಮರ ಕಾಲದಲ್ಲಿ ಊರ ಹೊರಗಿನ ನಾಕಾದ ಕಾವಲು ಚೌಕಿಯಲ್ಲಿ ಚೌಕಿದಾರನಾಗಿದ್ದ. ನಿಜಾಮರ ಆಳ್ವಿಕೆ ಮುಗಿದ ವರ್ಷ ಆ ನಾಕಾದ ಬಂದೂಕುಗಳು ಎಲ್ಲಿ ಹೋದವೋ ತಿಳಿಯಲಿಲ್ಲ. ಚೌಕಿದಾರ, ಮೇಲಿನವರು ಒಯ್ದರು ಎಂದ. ಆದರೆ ಅವನ ಬಳಿ ಯಾವ ಚೀಟಿಯೂ ಇರಲಿಲ್ಲ. ಅದೇ ದಿನಗಳಲ್ಲಿ ಒಬ್ಬರು, ನಾನು ಬಾವಿಯಲ್ಲಿ ದುಡುಂ ಎಂದು ಸಪ್ಪಳ ಕೇಳಿದೆ ಎಂದರು. ಆ ಒಬ್ಬರು ನಮ್ಮ ಅಪ್ಪ. ಚೌಕಿದಾರ ಬಂದೂಕುಗಳನ್ನು ಬಾವಿಗೆ ಹಾಕಿದ್ದಾನೆ, ಸಮಯ ಬಂದಾಗ ತೆಗೆಯುತ್ತಾನೆ ಎಂದು ಊರಿನಲ್ಲಿ ಮಾತು ಹುಟ್ಟಿತು. ಅವನು ಸತ್ತ, ಅವನ ಮಗನೂ ಸತ್ತ. ಆದರೂ ಅದು ಬಂದೂಕಿನ ಮನಿ. ನಾನು ಸಣ್ಣವಳಿದ್ದಾಗ ನಾವೂ ಹಾಗೇ ಕರೆಯುತ್ತಿದ್ದೆವು. ಊರಲ್ಲಿ ಸ್ವಲ್ಪ ಗಲಾಟೆಯಾದರೂ ಪೊಲೀಸರು ಮೊದಲು ಬಂದು ಆ ಮನೆಯ ಪಾತ್ರೆ ಪಡಗ ಚೆಲ್ಲಿ ನೋಡುತ್ತಿದ್ದರು. ಬೂಬಮ್ಮನ ಮಗಳಿಗೆ ಬಂದ ಎರಡು ಸಂಬಂಧಗಳು ಆ ಹೆಸರಿನಿಂದಲೇ ತಪ್ಪಿದವು. ಮಗಳು ಈಗ ಹೈದರಾಬಾದಿನ ಕಡೆ ಇದ್ದಾಳೆ. ಈ ಊರಿಗೆ ಬರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ಆ ಬಾವಿ ಮೊದಲ ಸಲ ಬತ್ತಿತು. ಅಣ್ಣ ಹೂಳು ತೆಗೆಸಲು ನಿಂತ. ಮೇಡಂ ವಿಷಯ ಅವನಿಗೆ ನನ್ನಿಂದಲೇ ಗೊತ್ತಿತ್ತು. ಫೋನು ಮಾಡಿ ಅವರಿಗೇ ಕೊಡು ಎಂದು, “ಏನ್ರಿ ಮೇಡಂ, ಇರಾಕ್‌ದಾಗಂತೂ ನಿಮಗ ಸಿಗಲಿಲ್ಲ. ನಮ್ಮ ಬಾವ್ಯಾಗಿನ ಬಂದೂಕಾದ್ರೂ ಹುಡುಕಿಕೊಡ್ರಿ ಬರ್ರಿ” ಎಂದ. ನಾನು ನಾಚಿ ಸತ್ತೆ. ಅವರು ಮಾತ್ರ ಗಂಭೀರವಾಗಿ, “ಯಾವತ್ತು ಶುರು ಮಾಡ್ತೀರಿ? ನಾನು ಬರೂತನಕ ಒಂದು ಬುಟ್ಟಿನೂ ಎತ್ತಬ್ಯಾಡ್ರಿ” ಎಂದರು.

ಮೂರು ದಿನ ಅವರು ಆ ಬಿಸಿಲಿನಲ್ಲಿ ನಿಂತರು. ತಲೆಗೆ ಟವೆಲ್ ಸುತ್ತಿಕೊಂಡು, ನನ್ನ ಅತ್ತಿಗೆ ಕೊಟ್ಟ ರೊಟ್ಟಿ, ಶೇಂಗಾ ಹಿಂಡಿಯನ್ನು ಬಾವಿಯ ದಡದಲ್ಲೇ ತಿಂದು, ಮೇಲೆ ಬಂದ ಪ್ರತಿ ಬುಟ್ಟಿಯನ್ನೂ ಹೊಲದಲ್ಲಿ ಸಾಲಾಗಿ ಹರವಿಸಿದರು. ಸುಣ್ಣದಿಂದ ಗೆರೆ ಎಳೆದು, ಇದು ಮೊದಲ ಮೊಳದ ಹೂಳು, ಇದು ಎರಡನೆಯದು ಎಂದು ಗುರುತು ಮಾಡಿದರು. ಆಳುಗಳಿಗೆ ಮೊದಲು ತಮಾಷೆ ಎನಿಸಿತು. ಆಮೇಲೆ ಅವರೂ ಏನಾದರೂ ಕೈಗೆ ಬಂದರೆ “ಮೇಡಂ ಸಾಮಾನ್ರೀ” ಎಂದು ಕೂಗಿ ಮೇಲೆ ಕಳಿಸತೊಡಗಿದರು. ಕೊಡಗಳು ಬಂದವು, ನೀರು ಸೇದುವ ಗಡಗಡಿ ಬಂತು, ಗಾಜಿನ ಬಳೆಯ ಚೂರು ಬಂದವು. ಇನ್ನೂ ಕೆಳಗೆ ಎತ್ತಿನಿಂದ ನೀರೆತ್ತುವ ಚರ್ಮದ ಚೀಲದ, ಅಂದರೆ ಮೊಟ್ಟೆಯ, ಬಾಯಿಗೆ ಹಾಕುವ ಕಬ್ಬಿಣದ ಬಳೆ ಬಂತು, ತುಕ್ಕು ಹಿಡಿದು ಹಪ್ಪಳದಂತಾಗಿತ್ತು. ಮೂರನೆಯ ದಿನ ಮಧ್ಯಾಹ್ನ ಹಾರೆ ಖಣ್ ಎಂದಿತು. ತಳದ ಬಂಡೆ. ಮೇಡಂ ಆ ವಯಸ್ಸಿನಲ್ಲಿ ಹಗ್ಗ ಕಟ್ಟಿಸಿಕೊಂಡು ಕೆಳಗಿಳಿದು ಬಂಡೆಯನ್ನು ಅಂಗೈಯಿಂದ ಸವರಿ ನೋಡಿ ಬಂದರು.

ಊರಿನವರು ಸೇರಿದ್ದರು. ಬೂಬಮ್ಮ ತನ್ನ ಹೊಸ್ತಿಲಲ್ಲಿ ಕೂಡದೆ ಅಂದು ಬಾವಿಯ ಹತ್ತಿರಕ್ಕೇ ಬಂದು ನಿಂತಿದ್ದಳು. ಸೆರಗಿನ ತುದಿಯನ್ನು ಬಾಯಿಗೆ ಹಿಡಿದುಕೊಂಡಿದ್ದಳು.

“ಹೇಳಿಬಿಡ್ರಿ ಮೇಡಂ” ಎಂದ ಅಣ್ಣ. “ಬಂದೂಕು ಅದಾವೋ ಇಲ್ಲೋ?”

ಮೇಡಂ ಕೈಯ ಕೆಸರು ಒರೆಸಿಕೊಂಡರು. “ತಳದ ಬಂಡಿತನಕ ನೋಡೀವಿ. ಸಿಗಲಿಲ್ಲ.”

“ಹಂಗಂದ್ರ ಯಾರೋ ಮೊದಲೇ ತಗದಾರ ಅಂತಾಯ್ತು!” ಎಂದ ಅಣ್ಣ. ಜನ ಹೌದು ಹೌದು ಎಂದರು. “ಬಂಡಿ ಸಂದ್ಯಾಗ ಸಿಕ್ಕೊಂಡಿರಬೇಕು” ಎಂದ ಇನ್ನೊಬ್ಬ. ಮೇಡಂ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಬೂಬಮ್ಮ ತಿರುಗಿ ತನ್ನ ಮನೆಯ ಕಡೆ ನಡೆದಿದ್ದಳು. ಅವಳು ಯಾರನ್ನೂ ಬೈಯಲಿಲ್ಲ. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು, ಅಷ್ಟೇ. ನಾನು ಅಲ್ಲೇ ಇದ್ದೆ. ನನಗೆ ಅಂದು ಅನಿಸಿದ್ದು, ಮೇಡಂ ಹೇಳಿದ್ದು ತಪ್ಪಲ್ಲ, ಆದರೆ ಅಷ್ಟೇ ಹೇಳಬಾರದಿತ್ತು ಎಂದು. ನಾನೂ ಬಾಯಿ ಬಿಡಲಿಲ್ಲ.

ಮರಳುವ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತರು. ಕಲಬುರಗಿ ಹತ್ತಿರ ಬಂದಾಗ ಮಾತಾಡಿದರು. ಯಾರಿಗೂ ಹೇಳದ ಒಂದು ವಿಷಯ ಹೇಳಿದರು.

ಇರಾಕಿನಲ್ಲಿ ಒಂದು ಬಯಲಿಗೆ ಅವರ ತಂಡವನ್ನು ಒಬ್ಬ ಉಗ್ರಾಣದವನು ಕರೆದೊಯ್ದನಂತೆ. ಐವತ್ತು ವರ್ಷದ ಮನುಷ್ಯ, ತೆಳ್ಳಗಿನ ಕೋಟು. ವಿಷ ತುಂಬಿದ ಬಾಂಬುಗಳನ್ನು ಮೇಲಿನವರ ಅಪ್ಪಣೆಯಂತೆ ತಾನೇ ನಿಂತು ಒಡೆಸಿ ಇಲ್ಲಿ ಹೂಳಿಸಿದ್ದೇನೆ ಎಂದು, ಹಿಮ್ಮಡಿಯಿಂದ ನೆಲದ ಮೇಲೆ ಗೆರೆ ಎಳೆದು ಗುಂಡಿಯ ಅಂಚು ತೋರಿಸಿದನಂತೆ. ಕಾಗದ ಎಲ್ಲಿ ಎಂದರೆ, ಕಾಗದ ಮಾಡಬೇಡ ಎಂದೇ ಅಪ್ಪಣೆ ಇತ್ತು ಎಂದನಂತೆ. ಆಮೇಲೆ ಎರಡೂ ಅಂಗೈ ಝಾಡಿಸಿ “ಖಲಾಸ್” ಎಂದನಂತೆ.

“ದುಭಾಷಿ ನನಗ ಇಂಗ್ಲಿಷ್‌ನಾಗ ಹೇಳಾಕ ಹೊಂಟ. ನನಗ ಅದನ್ನ ಯಾರು ಹೇಳಬೇಕು ವೈನಿ? ನಮ್ಮ ಗಂಜಿನಾಗ ಹಮಾಲರು ಕಡೀ ಚೀಲ ಇಳಿಸಿ ಅಂತಾರಲ್ಲ, ಹಂಗ ಅಂದ. ಕೈ ಝಾಡಿಸೋದೂ ಹಂಗ. ಅಂವ ಸುಳ್ಳು ಹೇಳಾಕತ್ತಿಲ್ಲಂತ ನನಗ ಅವಾಗ ಗೊತ್ತಾತು.”

ತೋಡಿದರು. ಚೂರುಗಳು ಬಂದವು. ಕೆಲವು ಲೆಕ್ಕಕ್ಕೆ ಬಂದವು, ಉಳಿದವು ಸುಟ್ಟು ಕರಗಿ ಒಂದೇ ಮುದ್ದೆಯಾಗಿದ್ದವು. ಎಷ್ಟು ಎಂದು ಹೇಳಲು ಬರುವಂತಿರಲಿಲ್ಲ. ಉಗ್ರಾಣದವನು ಒಣ ನಿಂಬೆಹಣ್ಣಿನ ಚಹಾ ತರಿಸಿ ಕೊಟ್ಟು, ಮೇಡಂ ಮುಂದೆ ಬಂದು ನಿಂತು ಕೇಳಿದನಂತೆ, ನೀವು ನನ್ನನ್ನು ನಂಬಿದಿರಾ ಎಂದು. ಇವರು, ನಂಬುವುದು ನನ್ನ ಕೆಲಸವಲ್ಲ ಎಂದರಂತೆ. ಇಷ್ಟು ಚೂರು ಸಿಕ್ಕವು, ಉಳಿದದ್ದು ಖಾತ್ರಿಯಾಗಲಿಲ್ಲ ಎಂದು ತಮ್ಮ ಹಾಳೆಯಲ್ಲಿ ಬರೆದರಂತೆ. ಕೆಲವು ವಾರದ ಮೇಲೆ ಒಂದು ಬೆಳಿಗ್ಗೆ, ಗಂಟುಮೂಟೆ ಕಟ್ಟಿ ಈಗಲೇ ಹೊರಡಿ ಎಂದು ಆದೇಶ ಬಂತು. ಅವರು ಹೊರಬಿದ್ದ ಮೇಲೆ, ಆಯುಧ ಬಚ್ಚಿಟ್ಟಿದ್ದಾರೆಂದು ದೊಡ್ಡ ದೇಶಗಳು ಹೂಡಿದ ಯುದ್ಧದಲ್ಲಿ ಆ ಊರುಗಳ ಮೇಲೆ ಬಾಂಬು ಬಿದ್ದವು. ಯುದ್ಧವಾದ ಮೇಲೆ ಬೇರೆಯವರು ಹೋಗಿ ಇಡೀ ದೇಶ ಜಾಲಾಡಿದರು. ಹಳೆಯ ಕಾಲದ ತುಕ್ಕು ಹಿಡಿದ ಕೆಲವು ಫಿರಂಗಿ ಗುಂಡುಗಳು ಸಿಕ್ಕವೇ ಹೊರತು, ಅಷ್ಟು ಜನ ಹೆದರಿದ ಆ ಆಯುಧದ ರಾಶಿ ಎಲ್ಲೂ ಇರಲಿಲ್ಲ.

“ನಾನು ಬ್ಯಾರೆ ಬರದಿದ್ರ ಯುದ್ಧ ನಿಲ್ತಿತ್ತು ಅಂತಲ್ಲ” ಎಂದರು ಮೇಡಂ. “ನನ್ನ ಒಂದು ಸಾಲು ಯಾರು ಕೇಳ್ತಿದ್ರು? ಹಾಳಿ ಮ್ಯಾಲೆ ಬರದದ್ದು ಸರಿನೇ ಅದ. ಆದ್ರ ಅಂವ ಚಹಾ ಹಿಡಕೊಂಡು ಕೇಳಿದಾಗ ಹೌದು ಅನಬಹುದಿತ್ತಲ್ಲ ವೈನಿ. ಅದಕ್ಕೇನು ಯಂತ್ರ ಬೇಕಾಗಿತ್ತು? ಅಂವ ಬದುಕ್ಯಾನೋ ಇಲ್ಲೋ ಗೊತ್ತಿಲ್ಲ. ಇವತ್ತ ಆ ಮುದುಕಿ ಮುಂದೂ ಅದನ್ನೇ ಮಾಡಿದೆ ನೋಡ್ರಿ.”

ಬಸ್‌ಸ್ಟ್ಯಾಂಡು ಬಂತು, ಇಳಿದೆವು. ಆಟೋ ಹಿಡಿದು ಮನೆಗೆ ಬಂದೆವು.

ಒಂದು ವಾರದ ಮೇಲೆ ಅವರು ನನಗೆ ಹೇಳದೆ ಒಬ್ಬರೇ ಕಮಲಾಪುರಕ್ಕೆ ಹೋದರು. ಬೂಬಮ್ಮನ ಮನೆಯ ಬಾಗಿಲು ಬಡಿದು, “ಬಾವ್ಯಾಗ ಬಂದೂಕು ಇಲ್ಲ. ಎಂದೂ ಇರಲಿಲ್ಲ. ನಿಮ್ಮ ಮಾವ ಸುಳ್ಳು ಹೇಳಿಲ್ಲ” ಎಂದರಂತೆ. ಬೂಬಮ್ಮ ಅಕ್ಕಿ ಆರಿಸುತ್ತಿದ್ದಳಂತೆ. ಮೊರದಿಂದ ತಲೆ ಎತ್ತಲಿಲ್ಲವಂತೆ.

“ಮೇರೆಕು ಕೈಕು ಬೋಲ್ತೇ ಅಮ್ಮಾ? ನನಗ ಗೊತ್ತಿದ್ದದ್ದು ನನಗ್ಯಾಕ ಹೇಳ್ತೀರಿ? ಊರಿಗಿ ಹೇಳ್ರಿ.”

ಮೇಡಂ ಅಲ್ಲಿಂದ ನೇರ ನಮ್ಮ ಅಣ್ಣನ ಮನೆಗೆ ಹೋದರು. ಅಣ್ಣ ಕೇಳಿಸಿಕೊಂಡು ನಕ್ಕ. “ಆವತ್ತ ಸಿಗಲಿಲ್ಲ ಅಂದ್ರಿ, ಇವತ್ತ ಇಲ್ಲೇ ಇಲ್ಲ ಅಂತೀರಿ. ನಡುವ ಬೂಬಮ್ಮ ಏನರ ಬಿರಿಯಾನಿ ಗಿರಿಯಾನಿ ಉಣಿಸಿದಳೇನ್ರಿ?” ಎಂದ. ಮಾತು ಬದಲಿಸಿದವರನ್ನು ಯಾರೂ ನಂಬುವುದಿಲ್ಲ. ಅದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮರುದಿನ ನಾಲ್ಕಕ್ಕೆ ಚಹಾದ ಜೊತೆ ಒಂದು ಕಾಗದ ತಂದರು. ಬಾವಿಯ ವಿಷಯ ಅದರಲ್ಲಿ ಬರೆದು ಕೆಳಗೆ ಸಹಿ ಮಾಡಿದ್ದರು. “ವೈನಿ, ಇದನ್ನ ನೀವು ಊರ ಮುಂದ ಓದ್ರಿ. ನಾನು ಹೊರಗಿನಾಕಿ. ನೀವು ಆ ಮನಿ ಮಗಳು. ಸಪ್ಪಳ ಕೇಳಿದವರು ನಿಮ್ಮ ಅಪ್ಪಾರು. ನಿಮ್ಮ ಬಾಯಿಂದ ಬಂದ್ರ ಕೇಳ್ತಾರ.”

“ಅಯ್ಯ, ನನಗೆಲ್ಲಿ ಬರ್ತದ್ರಿ ಮೇಡಂ. ನಾಲ್ಕು ಮಂದಿ ಎದುರು ನಿಂತ್ರ ನನಗ ನನ್ನ ಹೆಸರೇ ಮರೀತದ.”

“ಓದೂದು ಅಷ್ಟ. ಮಾತಾಡೂದು ಬ್ಯಾಡ.”

ನೋಡೋಣ ಎಂದೆ. ಕಾಗದ ತೆಗೆದು ಟ್ರಂಕಿನಲ್ಲಿ ಸೀರೆಯ ನಡುವೆ ಇಟ್ಟೆ. ಆಮೇಲೆ ಎಷ್ಟೋ ಸಲ ಕಮಲಾಪುರಕ್ಕೆ ಹೋದೆ, ಬಂದೆ. ಮದುವೆಗೆ ಹೋದೆ, ಅತ್ತಿಗೆಗೆ ಹುಷಾರಿಲ್ಲದಾಗ ಹೋದೆ. ಒಮ್ಮೆಯೂ ಕಾಗದ ಒಯ್ಯಲಿಲ್ಲ. ತವರಿನವರ ಮುಖ ಕೆಡಿಸಿಕೊಂಡರೆ ಆಮೇಲೆ ನನಗೆ ಹೋಗಲು ಯಾವ ಮನೆ ಇದೆ? ಅಪ್ಪನ ಮಾತಿನ ವಿರುದ್ಧ ಮಗಳು ನಿಲ್ಲುವುದು ಹೇಗೆ? ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಮೇಡಂ ಎರಡು ಸಲ ಕೇಳಿದರು. ಎರಡನೆಯ ಸಲ “ಅಣ್ಣ ಊರಾಗ ಇರಲಿಲ್ರಿ” ಎಂದು ಸುಳ್ಳು ಹೇಳಿದೆ. ಅವರು ನನ್ನ ಮುಖ ನೋಡಿದರು. ಅವರಿಗೆ ಸುಳ್ಳು ತಿಳಿಯುತ್ತಿತ್ತು. ಮೂರನೆಯ ಸಲ ಕೇಳಲಿಲ್ಲ. ಚಹಾ ತರುವುದನ್ನು ಮಾತ್ರ ಬಿಡಲಿಲ್ಲ.

ಒಂದು ಸಂಜೆ ನಾಲ್ಕೂವರೆಯಾದರೂ ಬರಲಿಲ್ಲ. ಹೋಗಿ ನೋಡಿದೆ. ಕುರ್ಚಿಯಲ್ಲಿ ಕೂತಿದ್ದರು. ಒಲೆಯ ಮೇಲೆ ಪಾತ್ರೆಯಲ್ಲಿ ನೀರು ಅಳೆದು ಇಟ್ಟಿದ್ದರು, ಒಲೆ ಹಚ್ಚಿರಲಿಲ್ಲ. ಅವರನ್ನು ಮಣ್ಣು ಮಾಡಲು ಬಂದವರು ಒಂಬತ್ತು ಜನ. ಕಾಲೋನಿಯವರು ಆರು, ಗಂಜಿನ ಬೇಳೆ ಅಂಗಡಿಯ ಸಾಹುಕಾರ, ಅವನ ಇಬ್ಬರು ಹಮಾಲರು. ಮನೆಯ ಮಾಲೀಕ ಸಾಮಾನು ತೆಗೆಸುವಾಗ ಡಬ್ಬಿಯ ಚೀಟಿಗಳನ್ನು ನೋಡಿ, ಇವರು ಏನು ಮಾಸ್ತರಿಣಿ ಆಗಿದ್ದರೇನ್ರಿ ಎಂದು ಕೇಳಿದ. ಹೌದು ಎಂದೆ. ಅಷ್ಟು ದೊಡ್ಡ ಕಥೆ ಅವನಿಗೆಲ್ಲಿ ಹೇಳಲಿ?

ಆಮೇಲಿನ ಸಂಜೆಗಳಲ್ಲಿ ನಾಲ್ಕು ಹೊಡೆದರೆ ನನಗೆ ಮನೆಯಲ್ಲಿ ಕೂಡಲಾಗುತ್ತಿರಲಿಲ್ಲ. ಬೀದಿಯ ತುದಿಯವರೆಗೆ ಹೋಗಿ ಬರುತ್ತಿದ್ದೆ. ಇಬ್ಬರು ಮನುಷ್ಯರು ಹತ್ತು ವರ್ಷ ಹೆಚ್ಚು ಮಾತಿಲ್ಲದೆ ಕೂತದ್ದಕ್ಕೆ ಏನೆನ್ನುತ್ತಾರೋ ನನಗೆ ತಿಳಿಯದು. ಆದರೆ ಆ ಮೌನ ಬೇರೆ, ಈ ಮೌನ ಬೇರೆ.

ಈ ವರ್ಷ ಅಣ್ಣನ ಮೊಮ್ಮಗನ ತೊಟ್ಟಿಲು ಕಾರ್ಯಕ್ಕೆ ಹೋದಾಗ ಕಾಗದ ಬ್ಲೌಜಿನೊಳಗೆ ಇಟ್ಟುಕೊಂಡು ಹೋದೆ. ಬಾವಿಯ ಪಕ್ಕದ ಬಯಲಿನಲ್ಲಿ ಊಟಕ್ಕೆ ಸಾಲು ಕೂತಿತ್ತು. ಊರಿನ ಅರ್ಧ ಜನ ಇದ್ದರು. ಬೂಬಮ್ಮ ಬಂದಿರಲಿಲ್ಲ, ಆಚೆ ದಡದ ತನ್ನ ಹೊಸ್ತಿಲಲ್ಲಿ ಕೂತಿದ್ದಳು. ಬಡಿಸುವ ಮೊದಲು ನಾನು ಎದ್ದು ನಿಂತೆ. ಅಣ್ಣ ನೋಡಿ, “ಏನವಾ ತಂಗಿ, ಜೋಗುಳ ಹಾಡ್ತಿ ಏನು?” ಎಂದ. ಎಲ್ಲರೂ ನಕ್ಕರು. ಕಾಗದ ಬಿಚ್ಚಿದೆ. ಓದಿದೆ. ನನ್ನ ದನಿ ನನಗೇ ಕೇಳಲಿಲ್ಲ. ಜನ ತಮ್ಮ ತಮ್ಮಲ್ಲಿ ಮಾತಾಡುತ್ತಲೇ ಇದ್ದರು.

ಆಗ ಬಾವಿಯ ಆಚೆಯಿಂದ ಬೂಬಮ್ಮ ಕೂಗಿದಳು. “ಜೋರಾಗಿ ಓದವಾ! ಇಲ್ಲಿತನಕ ಕೇಳವಲ್ದು!”

ಸಾಲಿನಲ್ಲಿ ಮಾತು ನಿಂತಿತು. ನಾನು ಮೊದಲಿನಿಂದ ಓದಿದೆ. ನನಗೆ ಅದು ಬಾಯಿಪಾಠವಾಗಿದೆ, ಇಲ್ಲಿ ಹಾಗೆಯೇ ಬರೆಯುತ್ತೇನೆ:

“ಈ ಬಾವಿಯನ್ನು ತಳದ ಬಂಡೆಯವರೆಗೆ ತೋಡಿದ ಮೂರು ದಿನ ನಾನು ಹಾಜರಿದ್ದೆ. ಪ್ರತಿ ಬುಟ್ಟಿಯ ಹೂಳನ್ನು ಕೈಯಾರೆ ನೋಡಿದ್ದೇನೆ. ಬಂದೂಕಿಗಿಂತ ತೆಳುವಾದ ಹಳೆಯ ಕಬ್ಬಿಣದ ಬಳೆ ಈ ನೀರಿನಲ್ಲಿ ಉಳಿದಿತ್ತು. ಆದ್ದರಿಂದ ಬಂದೂಕು ಬಿದ್ದಿದ್ದರೆ ಅದರ ತುಕ್ಕಾದರೂ ಉಳಿಯುತ್ತಿತ್ತು. ಹೂಳಿನ ಪದರಗಳನ್ನು ಮೊದಲು ಯಾರೂ ಕದಡಿರಲಿಲ್ಲ. ಆದ್ದರಿಂದ ಯಾರೂ ತೆಗೆದಿಲ್ಲ. ಈ ಬಾವಿಯಲ್ಲಿ ಬಂದೂಕು ಇಲ್ಲ, ಎಂದೂ ಇರಲಿಲ್ಲ. ಚೌಕಿದಾರರ ಮನೆಯ ಮೇಲೆ ಬಂದ ಮಾತು ಸುಳ್ಳು. ಆ ದಿನ ನಾನು ಇಷ್ಟನ್ನೂ ಹೇಳದೆ ಸಿಗಲಿಲ್ಲ ಎಂದಷ್ಟೇ ಹೇಳಿದ್ದು ನನ್ನ ತಪ್ಪು.”

ನಮ್ಮ ಸೋದರತ್ತೆ, ತೊಂಬತ್ತರ ಮುದುಕಿ, “ಮತ್ತ ನಿಮ್ಮಪ್ಪ ಸಪ್ಪಳ ಕೇಳಿದ್ನಲ್ಲೇ?” ಎಂದಳು.

“ಸಪ್ಪಳ ಕೇಳಿರಬಹುದು ಅತ್ತಿ” ಎಂದೆ. “ಬಂದೂಕು ಇಲ್ಲ.”

ಅಣ್ಣ ನನ್ನ ಮುಖ ನೋಡಲಿಲ್ಲ. “ಅನ್ನ ಆರಾಕತ್ತದ, ಬಡಸ್ರಿ” ಎಂದ. ಅದಕ್ಕಿಂತ ಹೆಚ್ಚು ಏನೂ ಆಗಲಿಲ್ಲ. ಊಟ ನಡೆಯಿತು. ಅಂದಿನಿಂದ ಅಣ್ಣ ಫೋನು ಮಾಡುವುದು ಕಡಿಮೆಯಾಗಿದೆ. ಊರಿನವರು ಆ ಮನೆಯನ್ನು ಈಗ ಏನೆಂದು ಕರೆಯುತ್ತಾರೋ ನನಗೆ ಗೊತ್ತಿಲ್ಲ. ಕೇಳಿ ನೋಡುವ ಧೈರ್ಯವೂ ಇಲ್ಲ. ಹೊರಡುವ ಮೊದಲು ಬೂಬಮ್ಮ ಬಾವಿಯನ್ನು ಸುತ್ತಿ ಬಂದು ಕೈ ಚಾಚಿದಳು. ಕಾಗದ ಕೊಟ್ಟೆ. ನಾಲ್ಕು ಮಡಿಕೆ ಮಾಡಿ ಎಲೆಅಡಿಕೆಯ ಚೀಲದಲ್ಲಿ ಇಟ್ಟುಕೊಂಡಳು. ಮಗಳಿಗೆ ಕಳಿಸುತ್ತೇನೆ ಎಂದಳು.

ಬಾವಿಯ ಕಾಗದ ಹೀಗೆ ಸೇರಬೇಕಾದವರಿಗೆ ಸೇರಿತು. ಆದರೆ ಬಸ್ಸಿನಲ್ಲಿ ಹೇಳಿದ್ದನ್ನು ಮೇಡಂ ಎಲ್ಲೂ ಬರೆದಿಟ್ಟಿಲ್ಲ. ಆ ಉಗ್ರಾಣದವನ ಊರು ಯಾವುದು, ಅವನ ಮನೆಯವರು ಯಾರು, ಅಲ್ಲಿ ಯಾರ ಮುಂದೆ ನಿಂತು ಓದಬೇಕು, ನನಗೆ ಏನೂ ತಿಳಿಯದು. ಅವನು ಹೇಳಿದ್ದು ಖರೇ ಇತ್ತು, ನಮ್ಮ ಮೇಡಂ ಅವನನ್ನು ಅಂದೇ ನಂಬಿದ್ದರು. ಇದು ಈ ಭೂಮಿಯ ಮೇಲೆ ಈಗ ನನಗೊಬ್ಬಳಿಗೇ ಗೊತ್ತು. ಓದಿ ಮುಗಿಸಿದ ಮೇಲೆ ನಿಮಗೂ ಗೊತ್ತು. ಈ ಹಾಳೆಗಳನ್ನು ಹರಿಯಲು ಬಿಡಬೇಡಿ ಮಕ್ಕಳೇ, ಒದ್ದೆಯಾಗಲು ಬಿಡಬೇಡಿ. ನಿಮ್ಮ ಬಳಿ ಜೋಪಾನವಾಗಿ ಇಟ್ಟುಕೊಳ್ಳಿ.